ಚಾವಡಿ ಗೋಡೆಯ ದ್ರೌಪದಿ

ಅಕ್ಕಲಕೋಟೆಯ ಚಾವಡಿ ಗೋಡೆಗೆ ದ್ರೌಪದಿಯ ಚಿತ್ರ ಅಂಟಿಸಿದ್ದಾರೆ ಎಂಬ ಸುದ್ದಿ ತಂದವಳು ನೆರೆಮನೆಯ ಬೀರವ್ವ. ಬೀರವ್ವ ತಂದ ಸುದ್ದಿಯಲ್ಲಿ ಅರ್ಧ ಕಳೆದು ಅರ್ಧ ನಂಬುವುದು ಓಣಿಯ ರೂಢಿ. ದ್ರೌಪದಿಯೂ ಹಾಗೇ ಮಾಡಿದಳು. ಮೊರದಲ್ಲಿದ್ದ ತಂಬಾಕು ತೀರುವವರೆಗೆ ಬೀಡಿ ಸುತ್ತುತ್ತಲೇ ಕೇಳಿಸಿಕೊಂಡಳು.

“ನಿನ್ನ ಮಾರಿನ ಐತಿ, ಮೂಗಬಟ್ಟ ಸೈತ ನಿಂದ,” ಅಂದಳು ಬೀರವ್ವ. “ಉಡಿಯಾಗ ಒಂದು ಕೂಸು ಕುಂತೈತಿ. ಎರಡು ವರ್ಷದ್ದಿರಬೇಕು. ಆ ಕೂಸು ಯಾರದಂತ ನಾ ಏನೂ ಕೇಳಂಗಿಲ್ಲ ಬಿಡವಾ.”

ತಾನು ಕೇಳುವುದಿಲ್ಲ ಎಂದು ಬೀರವ್ವ ಹೇಳಿದಳೆಂದರೆ ಊರಿನ ಅರ್ಧ ಜನ ಆಗಲೇ ಕೇಳಿ ಮುಗಿಸಿದ್ದಾರೆ ಎಂದು ತಿಳಿಯಬೇಕು. ದ್ರೌಪದಿ ಕತ್ತರಿಯನ್ನು ಎಲೆಯ ಮೇಲಿಟ್ಟು ಎದ್ದಳು. ಅವಳ ಗಂಡ ಸೈದಪ್ಪ ಸೈನ್ಯದ ಪಲ್ಟಣದ ಜೊತೆ ಕಾಶ್ಮೀರಕ್ಕೆ ಹೋದದ್ದು ನಲವತ್ತೇಳರ ಕೊನೆಗೆ. ಈಗ ಐವತ್ತಮೂರು ಮುಗಿಯುತ್ತ ಬಂದಿದೆ. ಎರಡು ವರ್ಷದ ಕೂಸು ಎಂದರೆ ಊರು ಏನೆನ್ನುತ್ತದೆ ಎಂಬುದಕ್ಕೆ ಬೆರಳು ಮಡಚಬೇಕಾಗಿಲ್ಲ.

ಚಾವಡಿಯ ಮುಂದೆ ಹತ್ತಿಪ್ಪತ್ತು ಜನ ನೆರೆದಿದ್ದರು. ಅವಳನ್ನು ಕಂಡದ್ದೇ ದಾರಿ ಬಿಟ್ಟರು. ಗೋಡೆಯ ಮೇಲೆ ಬಾಗಿಲಿನಷ್ಟು ದೊಡ್ಡ ಬಣ್ಣದ ಕಾಗದ, ಅದರಲ್ಲಿ ದ್ರೌಪದಿ ಕೂತಿದ್ದಾಳೆ. ಅವಳದೇ ಕಣ್ಣು, ಅವಳದೇ ಗದ್ದದ ಹಚ್ಚೆಬೊಟ್ಟು. ಕೆನ್ನೆಯ ಮೇಲೆ ತೊಗರಿಕಾಳಿನಷ್ಟು ದಪ್ಪ ಕಣ್ಣೀರು, ಅದು ಅವಳದಲ್ಲ. ತೊಡೆಯ ಮೇಲೆ ಗುಂಡಗುಂಡಗಿನ ಕೂಸು, ಅದೂ ಅವಳದಲ್ಲ. ಕೈಯಲ್ಲಿ ಬಳೆಯಿಲ್ಲ, ಕೊರಳಲ್ಲಿ ತಾಳಿಯಿಲ್ಲ, ಹಣೆಯ ಮೇಲೆ ಕುಂಕುಮವಿಲ್ಲ. ತನ್ನ ಹಣೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಬೆರಳಿಗೆ ಕೆಂಪು ಹತ್ತಿತು.

ಎರಡು ತಿಂಗಳ ಹಿಂದೆ ಸೊಲ್ಲಾಪುರದಿಂದ ವೀರ ಕುಟುಂಬ ಸಹಾಯಕ ಮಂಡಳದವರು ಮೋಟಾರಿನಲ್ಲಿ ಬಂದಿದ್ದು ನಿಜ. ಪಲ್ಟಣಕ್ಕೆ ಹೋದವರ ಮನೆಯ ಹೆಂಗಸರನ್ನೆಲ್ಲ ಒಂದೊಂದಾಗಿ ಕೂರಿಸಿ ಫೋಟೊ ತೆಗೆದುಕೊಂಡದ್ದೂ ನಿಜ. ಮದತ್ತು ಸಿಗುತ್ತದೆ ಅಂದರು, ಇವಳು ಕೂತಳು. ಅಳುವುದಿರಲಿ, ಕರೇ ಬಟ್ಟೆಯೊಳಗೆ ತಲೆ ತುರುಕಿಕೊಂಡ ಫೋಟೊದವನನ್ನು ನೋಡಿ ನಗು ತಡೆದುಕೊಳ್ಳುವುದೇ ಅವಳಿಗೆ ಕಷ್ಟವಾಗಿತ್ತು.

“ಏನು ಬರದಾರರಿ ಅದರಾಗ?” ಎಂದು ಕೇಳಿದಳು.

ಓದಲು ಅಂಚೆಯ ಬಸಯ್ಯ ಇದ್ದ. ಮರಾಠಿ ಅಕ್ಷರವನ್ನು ತಡೆಯಿಲ್ಲದೆ ಓದಿ ಕನ್ನಡದಲ್ಲಿ ಹೇಳುವವನು ಆ ಓಣಿಗೆಲ್ಲ ಅವನೊಬ್ಬನೇ. ಆದರೆ ಆಗ ಅವನು ಕಾಗದ ನೋಡಲಿಲ್ಲ. ಗುಂಪಿನ ಹಿಂದೆ ಬಂದು ನಿಂತಿದ್ದ ದ್ರೌಪದಿಯ ಅತ್ತೆ ಸಾತವ್ವನ ಮುಖ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಓದಿದ: “ಈಕಿ ಗಂಡ ದೇಶದ ಸಲುವಾಗಿ ರಣದಾಗ ಬಿದ್ದ. ಈಕಿ ಕಣ್ಣೀರು ನಿಮ್ಮ ಬಾಗಿಲಿಗೆ ಬಂದೈತಿ. ಈ ಕೂಸಿನ ಹಾಲಿಗೆ ನಿಮ್ಮ ಕಡಿಂದ ಒಂದಾಣೆ ಇಲ್ಲೇನು?”

ಈಗ ಒಂದು ಮಾತು ಹೇಳಬೇಕು. ಆ ಚಾವಡಿ ಗೋಡೆಗೆ ಅಲ್ಲಿಯವರೆಗೆ ಹತ್ತಿದ್ದೆಲ್ಲ ಸರಕಾರದ ಕಾಗದ. ಹರಾಜು, ಜಪ್ತಿ, ಮಕ್ಕಳಿಗೆ ದೇವಿ ಚುಚ್ಚಿಸುವ ದಿನ, ರೇಶನ್ನಿನ ಜೋಳ ಬಂದ ಸುದ್ದಿ. ಆ ಗೋಡೆ ಇಂದಿನವರೆಗೆ ಸುಳ್ಳು ಹೇಳಿದ್ದನ್ನು ಯಾರೂ ಕಂಡಿರಲಿಲ್ಲ. ವಂತಿಗೆ ಎತ್ತಲು ಅಂಟಿಸಿದ ಕಾಗದವೂ ಒಂದೇ, ಕಲೆಕ್ಟರರ ಸಹಿ ಬಿದ್ದ ಕಾಗದವೂ ಒಂದೇ ಎಂದು ಜನ ತಿಳಿದರೆ ಅವರನ್ನು ಏನೆನ್ನೋಣ? ಮುದುಕ ಮಲ್ಲಯ್ಯ ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. “ಸರಕಾರ ಛಾಪಿಸೇತಿ ಅಂದಮ್ಯಾಲ ಆತು,” ಅಂದ. ಹೆಂಗಸರು ಸೆರಗು ಬಾಯಿಗೆ ಹಚ್ಚಿದರು.

ಸಾತವ್ವ ಗುಂಪು ಸೀಳಿಕೊಂಡು ಮುಂದೆ ಬಂದಳು. ಆ ಮುದುಕಿಯ ಬಾಯಿ ಎಂದರೆ ಓಣಿ ನಡುಗುತ್ತಿತ್ತು.

“ಯಾವ ಹಾಟ್ಯಾ ಈ ಕೂಸಿನ್ನ ಬರದಾಂವ? ನನ್ನ ಸೊಸಿ ಉಡಿಯಾಗ ಕೂಸು ಆಡಿಲ್ಲ, ಆಡಿದ್ರ ನಾ ಊರಿಗೆಲ್ಲ ಸಕ್ಕರಿ ಹಂಚತಿದ್ನಿ. ಆರು ವರ್ಷದಿಂದ ನನ್ನ ಮಗ್ಗಲದಾಗ ಮಲಗತಾಳ ಆಕಿ. ಇನ್ನ ಯಾರರ ಕೂಸಿನ ಮಾತು ಎತ್ತಿದ್ರ ನಾಲಿಗಿ ಕಿತ್ತು ಕೈಯಾಗ ಕೊಡತೀನಿ,” ಎಂದು ಒಂದೇ ಉಸಿರಿಗೆ ಎಲ್ಲರನ್ನೂ ಝಾಡಿಸಿದಳು. ಬೀರವ್ವ ಮೆಲ್ಲಗೆ ಮಲ್ಲಯ್ಯನ ಬೆನ್ನ ಹಿಂದೆ ಸರಿದಳು.

ಬೈದು ಮುಗಿಸಿ ಸಾತವ್ವ ಸುಮ್ಮನಾದಳು. ದ್ರೌಪದಿ ಕಾದಳು. ಕೂಸು ಸುಳ್ಳು ಎಂದಾಯಿತು, ಸರಿ. ಹಣೆ? ಗಂಡ ರಣದಲ್ಲಿ ಬಿದ್ದ ಎಂದು ಬರೆದದ್ದು? ಅದರ ಬಗ್ಗೆ ಮುದುಕಿ ಒಂದು ಬೈಗುಳವನ್ನೂ ಎತ್ತಲಿಲ್ಲ. ಎದೆ ಬಡಿದುಕೊಳ್ಳಲಿಲ್ಲ, ಅಳಲಿಲ್ಲ, ಇದು ಹ್ಯಾಂಗ ಎಂದು ಬಸಯ್ಯನನ್ನು ಕೇಳಲೂ ಇಲ್ಲ. ಹೆತ್ತ ಮಗ ಸತ್ತ ಎಂದು ಓದಿ ಹೇಳಿದಾಗ ಯಾವ ತಾಯಿ ಹೀಗೆ ನಿಲ್ಲುತ್ತಾಳೆ? “ಮನಿಗೆ ನಡಿ,” ಅಂದಳು ಅಷ್ಟೆ. ದ್ರೌಪದಿಗೆ ಸಂಶಯ ಹೊಕ್ಕಿದ್ದು ಅಲ್ಲಿ.

ಸೈದಪ್ಪ ಹೋದ ಮರುವರ್ಷ ಒಂದು ತಾರು ಬಂದಿತ್ತು, ಪತ್ತೆಯಿಲ್ಲ ಎಂದು. ಸತ್ತ ಎಂದಲ್ಲ. ಪತ್ತೆಯಿಲ್ಲದವನಿಗೆ ಪತ್ತೆಯಾಗಲು ದಾರಿಯಿದೆ ಎಂದು ದ್ರೌಪದಿ ಹಿಡಿದುಕೊಂಡಳು. ಸಾತವ್ವ ಅವಳಿಗಿಂತ ಗಟ್ಟಿಯಾಗಿ ಹಿಡಿದಳು. ತಾನು ಗಂಡನನ್ನು ಕಳೆದುಕೊಂಡು ಬೋಳು ಹಣೆಯಲ್ಲಿದ್ದರೂ ಸಂತೆಯಲ್ಲಿ ಆರಿಸಿ ಆರಿಸಿ ಕುಂಕುಮ ತರುವವಳು ಅವಳೇ. ದಿನಾ ಬೆಳಿಗ್ಗೆ ಭರಣಿ ಹಿಡಿದು ಸೊಸೆಯ ಮುಂದೆ ನಿಂತು “ಹಚ್ಕೋ” ಅನ್ನುವವಳು ಅವಳೇ. ಹಬ್ಬ ಬಂತೆಂದರೆ ಬಳೆಗಾರನನ್ನು ಮನೆಗೇ ಕರೆದು ಹಸಿರು ಬಳೆ ತುಂಬ ಇಡಿಸುತ್ತಿದ್ದಳು.

ಚಾವಡಿಗೆ ಆ ಕಾಗದ ಬಂದ ಮರುದಿನ ಬೆಳಿಗ್ಗೆ ಸಾತವ್ವ ಭರಣಿ ಹಿಡಿದು ಬರಲಿಲ್ಲ. ಭರಣಿ ಗೂಡಿನಲ್ಲೇ ಇತ್ತು. ದ್ರೌಪದಿ ತಾನೇ ತೆಗೆದು ಹಚ್ಚಿಕೊಂಡಳು. ಮುದುಕಿ ನೋಡಿ ಮುಖ ತಿರುಗಿಸಿದಳು.

ಮಧ್ಯಾಹ್ನ ಮಲ್ಲಯ್ಯ ಮತ್ತಿಬ್ಬರು ಹಿರಿಯರೊಂದಿಗೆ ಬಂದು ಕಟ್ಟೆಯ ಮೇಲೆ ಕೂತ. “ನಾಕು ದಿನಕ್ಕ ಅಮಾಸಿ ಐತಿ. ಅವತ್ತ ಬಳಿ ತಗದು ಮುಂದಿನ ಕೆಲಸ ಮುಗಿಸಿಬಿಡೂಣು, ಸಾತವ್ವಾ. ಸತ್ತಾಂವಗ ನೀರ ಬಿಡಲಾರದ ಇಟ್ರ ಛಲೋ ಅಲ್ಲ,” ಅಂದ.

ದ್ರೌಪದಿ ಬಾಗಿಲ ಸಂದಿಯಲ್ಲಿ ನಿಂತು ಅತ್ತೆಯ ಬಾಯಿ ನೋಡಿದಳು. ಈಗ ಬೈಯುತ್ತಾಳೆ, ಈಗ ಓಡಿಸುತ್ತಾಳೆ. ಮುದುಕಿ ಶೇಂಗಾ ಸುಲಿಯುತ್ತ ಕೂತಿದ್ದಳು. “ನೀವು ಹಿರಿಯಾರು ಹೆಂಗಂತೀರಿ ಹಂಗ,” ಅಂದಳು.

ಇದರಲ್ಲೇನೋ ಮಸಲತ್ತಿದೆ ಎಂದು ದ್ರೌಪದಿಗೆ ಖಾತ್ರಿಯಾಯಿತು. ಯಾರದು? ಮಂಡಳದವರದೋ, ಬಸಯ್ಯನದೋ, ಅತ್ತೆಯದೋ? ಸೈದಪ್ಪನ ಸುದ್ದಿ ಎಲ್ಲರಿಗೂ ಗೊತ್ತಿದ್ದು ತನಗೊಬ್ಬಳಿಗೇ ಮುಚ್ಚಿಟ್ಟಿದ್ದಾರೋ? ಇಲ್ಲ, ಬದುಕಿರುವವನನ್ನು ಗೋಡೆಯ ಮೇಲೆ ಕೊಂದಿದ್ದಾರೋ? ಚಿತ್ರ ಬರೆದವನಿಗೆ ಯಾರೋ ಹೇಳಿರಲೇಬೇಕಲ್ಲ. ಅಮಾವಾಸ್ಯೆಗೆ ಮುಂಚೆ ಆ ಯಾರೋ ಎಂಬವನನ್ನು ಹಿಡಿಯಬೇಕು. ಬಳೆ ಒಡೆದಮೇಲೆ ಸೈದಪ್ಪ ಬಾಗಿಲಲ್ಲಿ ಬಂದು ನಿಂತರೆ ಅವನಿಗೆ ಯಾವ ಮುಖ ತೋರಿಸುವುದು?

ಮೈಲಿಗೆ ಬಟ್ಟೆಯ ನೆಪ ಮಾಡಿ ಹೊರಬಿದ್ದರಾಯಿತು ಎಂದು ಮರುದಿನ ಬೆಳಗಾಗುತ್ತಲೇ ಹಾಸಿಗೆಯ ಕೌದಿಯನ್ನು ಎಳೆದು ಗಂಟು ಕಟ್ಟಿದಳು. ಸಾತವ್ವ ಎಲ್ಲಿದ್ದಳೋ ಓಡಿ ಬಂದಳು.

“ಅದನ್ನ ಒಗಿಬ್ಯಾಡಂತ ಎಷ್ಟು ಸಲ ಹೇಳಬೇಕು ನಿನಗ?”

“ಮೂರು ವರ್ಷ ಆತರಿ ಅತ್ತಿ. ನಾರತೈತಿ.”

“ನಾರಲಿ. ಅದರಾಗ ಅವನ ಅಂಗಿ ಐತಿ. ನೀರಿಗೆ ಹಾಕಿದ್ರ ಅವನ ವಾಸನಿ ಹೊಕ್ಕೈತಿ,” ಎಂದು ಕಸಿದುಕೊಂಡಳು. ಹಳೇ ಸೀರೆಗಳ ತುಂಡಿನ ನಡುವೆ ಸೈದಪ್ಪನ ಖಾಕಿ ಅಂಗಿಯ ತುಂಡು ಇಟ್ಟು ಮುದುಕಿ ತಾನೇ ಹೊಲಿದ ಕೌದಿ ಅದು. ದ್ರೌಪದಿ ವಾದ ಮಾಡಲಿಲ್ಲ. ಬೀಡಿ ಕಾರಖಾನೆಗೆ ಹೋಗಿಬರುತ್ತೇನೆ ಎಂದು ಹೇಳಿ, ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಳು. ಗೂಡಿನಲ್ಲಿದ್ದ ಕುಂಕುಮದ ಭರಣಿಯನ್ನೂ ಸೆರಗಿನ ಗಂಟಿಗೆ ಹಾಕಿಕೊಂಡಳು. ಮನೆಯಲ್ಲಿ ಬಿಟ್ಟುಹೋದರೆ ಮರಳಿ ಬರುವುದರೊಳಗೆ ಅದು ಮಾಯವಾಗಬಹುದು ಎಂಬಷ್ಟು ಅನುಮಾನ ಅವಳಿಗೆ ಹತ್ತಿತ್ತು. ಸೊಲ್ಲಾಪುರದ ಎಸ್.ಟಿ. ಬಸ್ಸು ಹತ್ತಿದಳು.

ಸೊಲ್ಲಾಪುರದಲ್ಲಿ ಇಳಿದು ನೋಡಿದರೆ ಎಲ್ಲೆಲ್ಲೂ ತಾನೇ. ಸ್ಟ್ಯಾಂಡಿನ ಗೋಡೆಯಲ್ಲಿ ತಾನು, ಚಹಾದ ಅಂಗಡಿಯ ಬದಿಗೆ ತಾನು, ಗಿರಣಿಯ ಕಂಪೌಂಡಿಗೆ ಸಾಲಾಗಿ ನಾಲ್ಕು ಸಲ ತಾನು. ಪಾಳಿ ಮುಗಿಸಿ ಬರುವ ಗಿರಣಿಯ ಗಂಡಸರು ಅವಳ ಚಿತ್ರದ ಮುಂದೆ ನಿಂತು ಚ್ಚ್ ಚ್ಚ್ ಎಂದು ಮುಂದೆ ಹೋಗುತ್ತಿದ್ದರು. ಪಕ್ಕದಲ್ಲಿ ನಿಂತ ಅವಳನ್ನು ಒಬ್ಬನೂ ತಿರುಗಿ ನೋಡಲಿಲ್ಲ. ಅವಳಿಗೆ ಮೈ ಉರಿಯಿತು.

ಒಂದು ಚಿತ್ರದ ಕೆಳಗೆ ಮೇಜು ಹಾಕಿಕೊಂಡು, ಕೀಲಿ ಹಾಕಿದ ತಗಡಿನ ಡಬ್ಬಿ ಇಟ್ಟುಕೊಂಡು ಒಬ್ಬ ಕೂತಿದ್ದ. ಮಂಡಳದ ಕಾರಕೂನ ತುಕಾರಾಮ. ಬಿಳಿ ಟೋಪಿ, ಕಿವಿಯ ಮೇಲೆ ಪೆನ್ಸಿಲ್ಲು. ಅವಳನ್ನು ಕಂಡದ್ದೇ ಡಬ್ಬಿ ಕುಲುಕಿದ.

“ಯಾ ಬಾಯಿ, ಬರ್ರಿ ತಾಯಿ, ಒಂದಾಣೆ ಹಾಕ್ರಿ. ನಿಮ್ಮ ಹಣಿ ಕುಂಕುಮ ಗಟ್ಟಿ ಇರಲಿ. ಈ ಹೆಣ್ಣಮಗಳ ನಶೀಬು ನೋಡ್ರಿ, ಬಿಚಾರಿ.”

“ಯಾರ ಈಕಿ?” ಎಂದಳು ದ್ರೌಪದಿ.

“ಅಕ್ಕಲಕೋಟ ಕಡಿಯಾಕಿ. ಗಂಡ ಕಾಶ್ಮೀರದಾಗ ಶಹೀದ ಆದ. ಸುದ್ದಿ ಬಂದಾಗಿಂದ ಮೂರು ದಿನ ನೀರು ಮುಟ್ಟಿಲ್ಲ.”

“ನೀವು ನೋಡೀರೇನು ಆಕಿನ್ನ?”

“ನೋಡೀನಂದ್ರ? ಖುದ್ದ ನಾನ ಹೋಗಿದ್ನಿ ಫೋಟೊ ತಗಸಾಕ. ಆಕಿ ಒಂದೇ ಸವನ ಅಳತಿದ್ಲು. ನನಗೂ ಕಣ್ಣಾಗ ನೀರ ಬಂದುವು.”

ಆ ಟೋಪಿ, ಆ ಪೆನ್ಸಿಲ್ಲು ಅವಳು ಫೋಟೊ ತೆಗೆದ ದಿನ ಎಲ್ಲೂ ಕಂಡಿರಲಿಲ್ಲ. ಸೆರಗು ಸ್ವಲ್ಪ ಹಿಂದೆ ಸರಿಸಿ ಚಿತ್ರದ ಪಕ್ಕಕ್ಕೆ ಮುಖ ತಂದು ನಿಂತಳು. “ಈಕಿ ನಾನ. ನನ್ನ ಗಂಡ ಸತ್ತಾನಂತ ನಿಮಗ ಯಾರು ಹೇಳಿದ್ರು, ಅದನ್ನ ಹೇಳ್ರಿ.”

ತುಕಾರಾಮ ಅವಳ ಹಣೆ ನೋಡಿದ, ಬಳೆ ನೋಡಿದ, ನಕ್ಕ. ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡ. “ಈ ವಾರದಾಗ ನೀವು ಮೂರನೇದವರು ನೋಡ್ರಿ, ನಾನ ಆಕಿ ಅನ್ಕೋತ ರೊಕ್ಕ ಕೇಳಾಕ ಬಂದಾವರು. ಮೊದಲಿನ ಇಬ್ಬರು ಕುಂಕುಮನಾರ ಅಳಿಸಿಕೊಂಡು ಬಂದಿದ್ರು. ನಿಮಗ ಅಷ್ಟೂ ತಿಳೀಲಿಲ್ಲ?”

“ನನಗ ನಿಮ್ಮ ರೊಕ್ಕ ಬ್ಯಾಡ.”

“ರೊಕ್ಕ ಬ್ಯಾಡಂದ್ರ ಮತ್ತ ಯಾತಕ್ಕ ಬಂದೀರಿ?” ಅವನ ಸಂಶಯ ಇನ್ನೂ ಹೆಚ್ಚಾಯಿತು. ಕಡೆಗೆ ಪೀಡೆ ಕಳೆದರೆ ಸಾಕೆಂದು, “ನಮಗೇನೂ ಗೊತ್ತಿಲ್ಲ. ಚಿತ್ರ ಬರದಾಂವ ಶಾಂತಲಿಂಗಪ್ಪ, ಬಾಳೀವೇಸ ಓಣಿಯಾಗ ಅಂಗಡಿ ಇಟ್ಟಾನ. ಅವನ್ನ ಕೇಳ್ರಿ, ಹೋಗ್ರಿ,” ಅಂದ.

ನೋಡಿ, ಬಂದವಳು ಆ ಡಬ್ಬಿಯಲ್ಲಿ ಒಂದಾಣೆ ಹಾಕಿಯೇ ಹೋದಳು. ಯಾಕೆ ಹಾಕಿದೆ ಎಂದು ಅವಳನ್ನೇ ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಚಿತ್ರದಲ್ಲಿದ್ದ ಹೆಂಗಸು ಅಷ್ಟು ದೈನ್ಯದಿಂದ ನೋಡುತ್ತಿದ್ದಳು.

ಶಾಂತಲಿಂಗಪ್ಪನ ಅಂಗಡಿ ಎಂದರೆ ಬಣ್ಣದ ಡಬ್ಬಿಗಳ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗ. ಸಿನೆಮಾದ ಬೋರ್ಡು, ಚಾದರದ ಗಿರಣಿಗಳ ಲೇಬಲ್ಲು, ಅಂಗಡಿಗಳ ಹೆಸರು ಎಲ್ಲ ಅವನೇ ಬರೆಯುವವನು. ಐವತ್ತು ದಾಟಿದ ಸಣಕಲ ದೇಹ, ಬಣ್ಣ ಹತ್ತಿದ ವಿಭೂತಿ. ದ್ರೌಪದಿ ಬಾಗಿಲಲ್ಲಿ ನಿಂತದ್ದೇ ತಡ ಕೈಯಲ್ಲಿದ್ದ ಕುಂಚ ಕೆಳಗಿಟ್ಟ. ಸೊಲ್ಲಾಪುರದಲ್ಲಿ ಅವಳನ್ನು ಗುರುತು ಹಿಡಿದವನು ಅವನೊಬ್ಬನೇ. ಮೂರು ದಿನ ಅದೇ ಮುಖ ನೋಡಿ ಬರೆದವನು ಹಿಡಿಯದೆ ಏನು?

“ಬಾ ತಂಗಿ, ಕೂಡು,” ಎಂದು ಮಣೆ ಸರಿಸಿದ. ಅವನ ಮುಖದಲ್ಲಿ ಅಪರಾಧಿಯ ಗಾಬರಿ ಕಾಣಿಸಿತು. ದ್ರೌಪದಿ ಅದನ್ನು ಕಂಡಳು. ಇವನಿಗೆ ಗೊತ್ತಿದೆ.

ಅವಳು ಕೂಡಲಿಲ್ಲ. “ನನ್ನ ಗಂಡ ಸತ್ತ ಸುದ್ದಿ ನಿಮಗ ಯಾರು ಕೊಟ್ರು?”

“ಯಾರೂ ಕೊಟ್ಟಿಲ್ಲ ತಂಗಿ.”

“ಮತ್ತ ನನ್ನ ಹಣಿ ಯಾಕ ಬೋಳ ಬರದ್ರಿ?”

ಶಾಂತಲಿಂಗಪ್ಪ ಗಂಟು ಬಿಚ್ಚಿ ಹುಡುಕಿ ಒಂದು ಫೋಟೊ ತೆಗೆದು ಅವಳ ಕೈಗೆ ಕೊಟ್ಟ. ಮಂಡಳದವರು ತೆಗೆದ ಮೂಲ ಫೋಟೊ. ಅದರಲ್ಲಿ ಹಣೆಯ ಮೇಲೆ ಕಾಸಗಲ ಕುಂಕುಮವಿತ್ತು, ಕೊರಳಲ್ಲಿ ತಾಳಿಯಿತ್ತು, ಎರಡೂ ಕೈ ತುಂಬ ಬಳೆಯಿದ್ದವು. ತುಟಿಯ ತುದಿಯಲ್ಲಿ ತಡೆದ ನಗುವೂ ಇತ್ತು.

“ಒರಸಿದಾಂವ ನಾನ,” ಅಂದ ಅವನು. “ಇಂಗ್ಲೀಷರ ಯುದ್ಧದಾಗೂ ನಿಧಿ ಎತ್ತೂ ಚಿತ್ರ ನಾನ ಬರೀತಿದ್ನಿ. ಮೊದಲ ಸಿಪಾಯಿನ್ನ ಬರದ್ನಿ, ಬಂದೂಕು ಹಿಡದು ನಗತಾನ. ಮಂದಿ ನೋಡಿ, ಅರಾಮ ಅದಾನಲ್ಲ ಅಂದ್ರು, ಮುಂದ ಹ್ವಾದ್ರು. ಆಮ್ಯಾಲ ಒಬ್ಬಾಕಿ ಮುದುಕಿನ್ನ ಬರದ್ನಿ, ಬಾಗಲದಾಗ ನಿಂತು ಮಗನ ದಾರಿ ನೋಡತಾಳ. ನಾಕ ದಿನದಾಗ ಡಬ್ಬಿ ತುಂಬಿತು. ಮಂದಿ ಕಣ್ಣಾಗ ನೀರು ಬರಲಾರದ ಕೈ ಕಿಸೆಕ್ಕ ಹೋಗೂದಿಲ್ಲ ತಂಗಿ. ಹಣಿ ಮ್ಯಾಲ ಕುಂಕುಮ ಬಿಟ್ರ ಏನಂತಾರ? ಗಂಡ ಅದಾನ, ದುಡದು ಹಾಕ್ತಾನ ಅಂತಾರ. ಮಂಡಳದಾವರು ಬಾಯಿಲೆ ಹೇಳಲಿಲ್ಲ, ಸುಳ್ಳ್ಯಾಕ ಹೇಳಲಿ. ನನ್ನ ಕೈಗೇ ಆ ರೂಢಿ ಬಿದ್ದೈತಿ.”

“ಕೂಸು?”

ಅವನು ತಲೆ ಕೆಳಗೆ ಹಾಕಿದ. ಗೋಡೆಯ ಮೇಲಿದ್ದ ಚಾದರದ ಲೇಬಲ್ಲು ತೋರಿಸಿದ. ಅದರಲ್ಲಿ ಬಾಲಕೃಷ್ಣ ಬೆಣ್ಣೆ ಗಡಿಗೆಯ ಮುಂದೆ ಕೂತಿದ್ದ. “ನವಿಲುಗರಿ ತಗದ್ನಿ, ಗಡಿಗಿ ತಗದ್ನಿ, ನೀಲಿ ಬಣ್ಣದ ಬದಲಿ ಗೋದಿ ಬಣ್ಣ ಹಚ್ಚಿದ್ನಿ. ಅಷ್ಟ.”

ಊರೆಲ್ಲ ತಂದೆ ಯಾರೆಂದು ಹುಡುಕುತ್ತಿದ್ದ ಕೂಸು ಯಶೋದೆಯ ಮಗನಾಗಿದ್ದ. ದ್ರೌಪದಿಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. “ನಿಮ್ಮ ಕೈಗೆ ಹುಳಾ ಬೀಳಲಿ” ಎಂದಳು. ಆದರೆ ಅದರ ಹಿಂದೆಯೇ ಒಂದು ಸಂತೋಷ ಉಕ್ಕಿ ಬಂದು ಆ ಮಣೆಯ ಮೇಲೆ ಕೂತುಬಿಟ್ಟಳು. ಯಾರೂ ಹೇಳಿಲ್ಲ. ಯಾವ ಸುದ್ದಿಯೂ ಬಂದಿಲ್ಲ. ಒಬ್ಬ ಬಣ್ಣದವನು ಹೊಟ್ಟೆಪಾಡಿಗೆ ಕುಂಚದಿಂದ ಒರೆಸಿದ್ದು, ಅಷ್ಟೆ. ಸೈದಪ್ಪ ಮೊನ್ನೆ ಎಷ್ಟು ಬದುಕಿದ್ದನೋ ಇಂದೂ ಅಷ್ಟೇ ಬದುಕಿದ್ದಾನೆ.

“ನಿಮ್ಮ ಮನಿಯಾವರದು ಏನು ಸುದ್ದಿ ಐತಿ?” ಎಂದು ಶಾಂತಲಿಂಗಪ್ಪ ಮೆಲ್ಲಗೆ ಕೇಳಿದ.

“ಪತ್ತೆ ಇಲ್ಲಂತ ತಾರು ಬಂದೈತಿ. ಐದು ವರ್ಷ ಆತು.”

“ಆಮ್ಯಾಲ ಏನೂ ಬಂದಿಲ್ಲ?”

“ಇಲ್ಲ.”

ಅವನು ಕುಂಚವನ್ನು ಎಣ್ಣೆಯಲ್ಲಿ ಅದ್ದಿ ಅದ್ದಿ ಒರೆಸಿದ. “ಸರಕಾರ ಐದು ವರ್ಷ ಸುಮ್ಮ ಕೂಡೂದಿಲ್ಲಲ್ಲ ತಂಗಿ. ಹಿಂಗಂತ ಇಲ್ಲ ಹಂಗಂತ, ಒಂದು ಕಾಗದ ಕಳಿಸಿರತೈತಿ,” ಅಂದ.

ಆ ಮಾತು ಅವಳಿಗೆ ಹಿಡಿಸಲಿಲ್ಲ. ಚಿತ್ರದಲ್ಲಿ ಕೊಂದದ್ದು ಸಾಲದೆ ಬಾಯಲ್ಲೂ ಕೊಲ್ಲುತ್ತಾನೆ ಎಂದುಕೊಂಡು ಎದ್ದಳು. ಫೋಟೊವನ್ನು ಕೇಳದೆಯೇ ಸೆರಗಿಗೆ ಕಟ್ಟಿಕೊಂಡಳು. ಅವನ ಅಂಗಡಿಯ ಬಾಗಿಲಿಗೆ ಅಂಟಿಸಿದ್ದ ಚಿತ್ರದ ಮುಂದೆ ನಿಂತು ಭರಣಿ ತೆಗೆದಳು. ಬೆರಳು ನೆನೆಸಿಕೊಂಡು ಕುಂಕುಮ ಅದ್ದಿ ಆ ಬೋಳು ಹಣೆಯ ನಡುವೆ ಒತ್ತಿದಳು.

“ಇನ್ನ ಡಬ್ಬಿ ತುಂಬೂದಿಲ್ಲ,” ಅಂದ ಶಾಂತಲಿಂಗಪ್ಪ. ತಡೆಯಲಿಲ್ಲ.

ಬಾಳೀವೇಸಿನಿಂದ ಸ್ಟ್ಯಾಂಡಿನವರೆಗೆ ದಾರಿಯಲ್ಲಿ ಸಿಕ್ಕ ಒಂದು ಹಣೆಯನ್ನೂ ಅವಳು ಬಿಡಲಿಲ್ಲ. ಗಿರಣಿಯ ಕಂಪೌಂಡಿನ ನಾಲ್ಕು, ಚಹಾದ ಅಂಗಡಿಯದೊಂದು. ಹುಚ್ಚಿ ಎಂದರು ಕೆಲವರು. ತುಕಾರಾಮ ಮೇಜು ಬಿಟ್ಟು ಏಳುವುದರೊಳಗೆ ಅವನ ತಲೆಯ ಮೇಲಿನ ಚಿತ್ರಕ್ಕೂ ಹಚ್ಚಿ, ಓಡಿಹೋಗಿ ಬಸ್ಸು ಹತ್ತಿದಳು.

ಅಕ್ಕಲಕೋಟೆಯಲ್ಲಿ ಇಳಿದಾಗ ಬಿಸಿಲು ಇನ್ನೂ ಇತ್ತು. ಮೊದಲು ಚಾವಡಿಗೆ ಹೋದಳು. ಕಟ್ಟೆಯ ಮೇಲೆ ಹತ್ತಿ ನಿಂತು, ಭರಣಿಯಲ್ಲಿ ಉಳಿದದ್ದನ್ನೆಲ್ಲ ಬಳಿದು ಗೋಡೆಯ ದ್ರೌಪದಿಗೆ ಕಾಸಗಲ ಕುಂಕುಮ ಇಟ್ಟಳು. ಆಮೇಲೆ ಮನೆಗೆ ಓಡಿದಳು. ನಲವತ್ತೇಳರಿಂದ ಈಚೆಗೆ ಅವಳು ಹೀಗೆ ಓಡಿದ್ದು ಯಾರಿಗೂ ನೆನಪಿಲ್ಲ.

ಸಾತವ್ವ ಹೊಸ್ತಿಲಲ್ಲಿ ಶೇಂಗಾ ಸುಲಿಯುತ್ತಿದ್ದಳು. ದ್ರೌಪದಿ ಮುಂದೆ ಕುಕ್ಕರಗಾಲಲ್ಲಿ ಕೂತು ಫೋಟೊವನ್ನು ಮುದುಕಿಯ ಮಡಿಲಿಗೆ ಹಾಕಿದಳು. “ಅತ್ತಿ, ನೋಡ್ರಿ. ಎಲ್ಲಾ ಸುಳ್ಳ. ಚಿತ್ರದಾಂವ ಒರಸ್ಯಾನ, ರೊಕ್ಕ ಎತ್ತಾಕ. ಕೂಸು ಚಾದರದ ಲೇಬಲ್ಲಿಂದು. ನಿಮ್ಮ ಮಗಂದು ಯಾವ ಸುದ್ದಿನೂ ಬಂದಿಲ್ಲ. ಅಮಾಸಿಗೆ ಏನೂ ಮಾಡೂದು ಬ್ಯಾಡಂತ ಮಲ್ಲಯ್ಯ ಕಾಕಾಗ ಹೇಳ್ರಿ.”

ಸಾತವ್ವ ಫೋಟೊ ಎತ್ತಿ ಕಣ್ಣಿನ ಹತ್ತಿರ ಹಿಡಿದಳು. ಹಣೆಯ ಮೇಲಿನ ಕುಂಕುಮವನ್ನು ಹೆಬ್ಬೆರಳಿಂದ ಸವರಿದಳು. ಗೋಡೆಯ ಮುಂದೆ ಅಳದ ಮುದುಕಿ ಈಗ ಅಳತೊಡಗಿದಳು. ಸೊಸೆ ಒಳ್ಳೇ ಸುದ್ದಿ ತಂದಾಗ ಅಳುವವಳು ಇವಳು. ದ್ರೌಪದಿಯ ನಗು ಮೆಲ್ಲಗೆ ಇಳಿಯಿತು.

“ಯಾಕ್ರಿ ಅತ್ತಿ?”

ಸಾತವ್ವ ಒಳಗೆ ಹೋಗಿ ಕೌದಿ ತಂದಳು. ಖಾಕಿ ತುಂಡಿನ ಅಂಚನ್ನು ಹಲ್ಲಿನಿಂದ ಕಚ್ಚಿ ಹೊಲಿಗೆ ಕಿತ್ತಳು. ಒಳಗಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ಬಂತು. ಮೇಲೆ ಸರಕಾರದ ಠಸ್ಸೆ. ಮೂರು ವರ್ಷ ದ್ರೌಪದಿ ಯಾವ ಕೌದಿ ಹೊದ್ದು ಮಲಗಿದ್ದಳೋ ಅದರೊಳಗೆ ಅದು ಇತ್ತು.

“ಇದರಾಗ ಐತಿ,” ಅಂದಳು ಸಾತವ್ವ. “ಹುಡುಕಿದ್ರು, ಸಿಗಲಿಲ್ಲ, ಸತ್ತಾನಂತ ತಿಳೀರಿ ಅಂತ ಬರದಾರ. ಪಲ್ಟಣದಾಗ ಅಂವ ನನ್ನ ಹೆಸರ ಕೊಟ್ಟಿದ್ದ, ಅದಕ್ಕ ನನಗ ಬಂತು. ಬಸಯ್ಯ ಓದಿ ಹೇಳಿದ. ಯಾರ ಮುಂದೂ ಬಾಯಿ ಬಿಡಬ್ಯಾಡಂತ ಅವನ ಕೈ ಹಿಡದು ಬೇಡಿಕೊಂಡ್ನಿ.”

“ಮೂರು ವರ್ಷ,” ಅಂದಳು ದ್ರೌಪದಿ.

“ಇವತ್ತ ಹೇಳೂಣು, ನಾಳಿ ಹೇಳೂಣು ಅಂತಿದ್ನಿ. ಮುಂಜಾನೆದ್ದು ನಿನ್ನ ಮಾರಿ ನೋಡಿದ್ರ ಭರಣಿನ ಕೈಗೆ ಬರತಿತ್ತು, ಮಾತು ಬರತಿದ್ದಿಲ್ಲ. ಆ ಚಿತ್ರ ಗೋಡಿಗೆ ಬಂದಾಗ, ನಾ ಹೇಳೂದು ತಪ್ಪಿತು, ಯಾರೋ ಹೇಳಿಬಿಟ್ರು ಅಂತ ಎದಿ ಹಗರಾಗಿತ್ತು ನೋಡವಾ. ಈಗ ನೀ ನಕ್ಕೋತ ಬಂದಿ. ಮತ್ತ ನನ್ನ ಬಾಯಿಲೇನ ಹೇಳಸಿದಿ.”

ದ್ರೌಪದಿಗೆ ಸಿಟ್ಟು ಬಂತು. ಬಣ್ಣದವನ ಮೇಲೆ ಬಂದ ಸಿಟ್ಟಿನ ಹತ್ತರಷ್ಟು ಬಂತು. ಮೂರು ವರ್ಷ ಹಬ್ಬಹಬ್ಬಕ್ಕೆ ಬಳೆ ಇಡಿಸಿಕೊಂಡದ್ದು, ಬಸ್ಸು ಬಂದಾಗಲೆಲ್ಲ ಬಾಗಿಲಿಗೆ ಬಂದು ನಿಂತದ್ದು ಎಲ್ಲ ಒಟ್ಟಿಗೆ ನೆನಪಾಯಿತು. “ನನ್ನ ಹುಚ್ಚಿ ಮಾಡಿದ್ರಿ ನೀವು. ಯಾಕ ಮುಚ್ಚಿಟ್ರಿ? ನನ್ನ ಮ್ಯಾಲ ಕನಿಕರಾನ?”

“ನಿನ್ನ ಮ್ಯಾಲ ಅಲ್ಲ,” ಅಂದಳು ಸಾತವ್ವ. “ನನ್ನ ಮಗ ಬ್ಯಾರೆ ಎಲ್ಲೂ ಉಳದಿದ್ದಿಲ್ಲ ದ್ರೌಪದಿ. ಮಣ್ಣೂ ಸಿಗಲಿಲ್ಲ, ಬೂದೀನೂ ಸಿಗಲಿಲ್ಲ. ನಿನ್ನ ಹಣಿ ಮ್ಯಾಲ ಅಷ್ಟ ಉಳದಿದ್ದ. ಅದನ್ನೂ ನನ್ನ ಕೈಲೇ ಹೆಂಗ ಒರಸಲಿ?”

ದ್ರೌಪದಿ ಆ ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಮುದುಕಿಯ ಮಡಿಲಲ್ಲಿಟ್ಟಳು. ಆಮೇಲೆ ಸೆರಗಿನ ತುದಿ ಹಿಡಿದು ತಾನೇ ತನ್ನ ಹಣೆ ಒರೆಸಿಕೊಂಡಳು. ಬೆವರಿಗೆ ಹರಡಿದ್ದರಿಂದ ಎರಡು ಮೂರು ಸಲ ಒರೆಸಬೇಕಾಯಿತು. ಸಾತವ್ವ ನೋಡಲಾರದೆ ಕೌದಿಯಲ್ಲಿ ಮುಖ ಮುಚ್ಚಿಕೊಂಡಳು.

ಅಷ್ಟರಲ್ಲಿ ಬೀರವ್ವ ಓಡುತ್ತ ಬಂದಳು. “ಚಾವಡಿ ಗೋಡಿ ಮ್ಯಾಲಿನ ಚಿತ್ರಕ್ಕ ಯಾರೋ ಕುಂಕುಮ ಬಳದಾರಂತ. ಸತ್ತಾಂವನ ಹೆಂಡ್ತಿ ಹಣಿಗೆ ಇದೇನಂತ ಮಲ್ಲಯ್ಯ ನೀರು ತರಿಸ್ಯಾನ, ತೊಳಸಾಕ,” ಎನ್ನುತ್ತ ಹೊಸ್ತಿಲಿಗೆ ಬಂದವಳು ದ್ರೌಪದಿಯ ಮುಖ ನೋಡಿ ಅಲ್ಲೇ ನಿಂತಳು.

“ಅದನ್ನ ತೊಳಿಬ್ಯಾಡಂತ ಹೇಳು, ಬೀರವ್ವಾ,” ಅಂದಳು ದ್ರೌಪದಿ. “ಅದರ ಹಣಿ ಮ್ಯಾಲಾರ ಇರಲಿ. ನಮ್ಮ ಅತ್ತಿ ದಿನಾ ಹೋಗಿ ನೋಡತಾಳ.”

ಬೀರವ್ವ ಅವಳ ಹಣೆಯನ್ನೂ ಮುದುಕಿಯ ಮಡಿಲಲ್ಲಿದ್ದ ಕಾಗದವನ್ನೂ ನೋಡಿದಳು. ಈ ಸಲ ನಿಜವಾಗಿಯೂ ಏನೂ ಕೇಳಲಿಲ್ಲ. ಚಾವಡಿಯ ಕಡೆಗೆ ತಿರುಗಿ ಹೋದಳು.